ಬಿರುಕಣ್ಣನ ಕ್ಯಾಮೆರಾ

ಹೆತ್ತವರು ಇಟ್ಟ ಹೆಸರು ಅವನಿಗೆ ಸಂಬಳದ ಪಟ್ಟಿಯಲ್ಲಿ ಮಾತ್ರ ಉಪಯೋಗಕ್ಕೆ ಬಂತು. ಉಳಿದ ಕಡೆಯೆಲ್ಲ ಅವನು ಬಿರುಕಣ್ಣ. ಹಳೆಯ ಕಟ್ಟಡಗಳು ಬೀಳುವ ಮೊದಲೇ ಅವುಗಳ ಮೇಲೆ ಕಣ್ಣಿಡುವ ಕಚೇರಿಯೊಂದಿತ್ತು. ಅಲ್ಲಿ ಇಪ್ಪತ್ತೆಂಟು ವರ್ಷ ಗೋಡೆಯ ಬಿರುಕು ನೋಡಿದವನಿಗೆ ಇನ್ನೇನು ಹೆಸರು ಬರುತ್ತದೆ? ಯಾರ ಮನೆಗೆ ಹೋದರೂ ಅವನು ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು, ಆಮೇಲೆ ಮನೆಯವರನ್ನು. ಹೆಣ್ಣು ನೋಡಲು ಹೋದ ದಿನವೂ ಹುಡುಗಿಯ ಬದಲು ಅವಳ ಹಿಂದಿನ ಗೋಡೆಯನ್ನೇ ನೋಡುತ್ತಾ ಕೂತಿದ್ದನಂತೆ. ಹೆಂಡತಿ ಬದುಕಿರುವವರೆಗೂ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಅವನ ಕೆಲಸದ ಗುಟ್ಟೆಲ್ಲ ಒಂದು ಗಾಜಿನ ಚೂರಿನಲ್ಲಿತ್ತು. ಬಿರುಕು ಕಂಡಲ್ಲಿ ಅದಕ್ಕೆ ಅಡ್ಡಲಾಗಿ ಎರಡು ಬೆರಳಗಲದ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಕು ಬರೆಯುವುದು. ಗೋಡೆ ಸುಮ್ಮನಿದ್ದರೆ ಗಾಜೂ ಸುಮ್ಮನಿರುತ್ತದೆ, ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಹೋಗಿ ಆ ಗಾಜಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಬೇಕು. ಕಣ್ಣಿಗೆ ಬೀಳದ ಸೀಳೂ ಉಗುರಿಗೆ ಟಕ್ಕೆಂದು ಸಿಗುತ್ತದೆ. ಇದಕ್ಕಾಗಿಯೇ ಅವನು ಬಲಗೈ ಹೆಬ್ಬೆರಳಿನ ಉಗುರನ್ನು ಸ್ವಲ್ಪ ಉದ್ದ ಬಿಟ್ಟಿದ್ದ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಮಾತು ಅವನ ಉಗುರಿನಲ್ಲಿತ್ತು, ಕ್ಯಾಮೆರಾ ಬರುವವರೆಗೆ.

ಕ್ಯಾಮೆರಾ ಕೊಡಿಸಿದ್ದು ಮಗಳು, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಇಸ್ಪೀಟಿನ ಕಟ್ಟಿಗಿಂತ ಒಂದಿಷ್ಟು ದೊಡ್ಡದು. ಮುಂದಿನ ಮುಚ್ಚಳ ಕೆಳಗೆ ಜಾರಿಸಿದರೆ ಕಣ್ಣು ಬಿಡುತ್ತಿತ್ತು, ಮೇಲಕ್ಕೆ ಜಾರಿಸಿದರೆ ಮಲಗುತ್ತಿತ್ತು. ಹಿಂಭಾಗವೆಲ್ಲ ಪರದೆಯೇ. ಗುಂಡಿಗಳ ಗೊಡವೆ ಇಲ್ಲ. ಪರದೆಯಲ್ಲಿ ಎಲ್ಲಿ ಬೆರಳಿಟ್ಟರೆ ಅಲ್ಲಿಗೇ ಗುರಿ, ಅಲ್ಲೇ ಚಿತ್ರ. ಏಣಿಯ ಮೇಲೆ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಫೋಟೋ ತೆಗೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? ಬಿರುಕಿಗೆ ಮೂಗು ತಾಗಿಸುವಷ್ಟು ಹತ್ತಿರ ಹಿಡಿದರೂ ಇರುವೆಯ ಮೀಸೆ ಎಣಿಸುವಂತೆ ಮೂಡುತ್ತಿತ್ತು. ಮೂಲೆಯಲ್ಲಿ ತಾರೀಕನ್ನೂ ತಾನೇ ಅಚ್ಚೊತ್ತುತ್ತಿತ್ತು. ಅಂಗಿಯ ಜೇಬಿನಲ್ಲಿ ಹಾಕಿಕೊಂಡರೆ ಇರುವುದೇ ಮರೆತುಹೋಗುತ್ತಿತ್ತು. ಬಿರುಕಣ್ಣ ಅದನ್ನು ನೆಲಕ್ಕಿಡದೆ ಮೆರೆಸಿದ.

ಹಾಗೆಂದು ಅದು ಸಾಧುವೇನಲ್ಲ, ಅದಕ್ಕೂ ರಂಪವಿತ್ತು. ಬಿಸಿಲಿಗೆ ಹಿಡಿದರೆ ಪರದೆ ಕಪ್ಪು ಕನ್ನಡಿಯಾಗಿ ಅವನ ಮುಖವನ್ನೇ ತೋರಿಸುತ್ತಿತ್ತು. ಕಣ್ಣಿಟ್ಟು ನೋಡಲು ಹಳೆಯ ಕ್ಯಾಮೆರಾಗಳಲ್ಲಿದ್ದ ಕಿಂಡಿಯೂ ಇದರಲ್ಲಿಲ್ಲ. ಒದ್ದೆ ಬೆರಳಿಗೆ ಜಪ್ಪಯ್ಯ ಅಂದರೂ ಬಗ್ಗದು. ಸಿಮೆಂಟಿನ ಧೂಳು ಹತ್ತಿದ ಬೆರಳಿಟ್ಟರೆ ಇಟ್ಟದ್ದೊಂದು ಕಡೆ, ಅದು ಹಿಡಿದದ್ದೊಂದು ಕಡೆ. ಫೋಟೋ ಅಳಿಸುವ ಗುರುತೂ ದೊಡ್ಡದು ಮಾಡಿ ನೋಡುವ ಗುರುತೂ ಅಕ್ಕಪಕ್ಕ. ದಪ್ಪ ಬೆರಳಿನವರು ಬಾಳುವೆ ಮಾಡುವುದಾದರೂ ಹೇಗೆ? ಬ್ಯಾಟರಿಯಂತೂ ಸಂಜೆಯೊಳಗೆ ಕೈಕೊಡುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಚಾಳಿ ಎಂದರೆ ಮುಖ ಹುಡುಕುವುದು. ಎದುರಿಗೆ ಮನುಷ್ಯರಿದ್ದರೆ ಸಾಕು, ಗೋಡೆ, ಗಾಜು ಎಲ್ಲ ಬಿಟ್ಟು ಅವರ ಮುಖದ ಸುತ್ತ ಒಂದು ಹಳದಿ ಚೌಕ ಎಳೆದು ಕೂರುತ್ತಿತ್ತು.

ಆದರೆ ಅದರ ನಿಜವಾದ ಕೇಡು ಈ ಯಾವುದರಲ್ಲೂ ಇರಲಿಲ್ಲ. ಕ್ಯಾಮೆರಾ ಬಂದಮೇಲೆ ಬಿರುಕಣ್ಣ ಉಗುರು ಎಳೆಯುವುದನ್ನು ಬಿಟ್ಟ. ಹೇಗೂ ಫೋಟೋ ಬಂತಲ್ಲ, ಕಚೇರಿಯ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಆರಾಮಾಗಿ ನೋಡಿದರಾಯಿತು ಎನ್ನುವ ಧೈರ್ಯ. ತಪ್ಪೆಂದು ಅವನಿಗೆ ಅನ್ನಿಸಲೂ ಇಲ್ಲ. ಆರು ತಿಂಗಳಲ್ಲಿ ಹೆಬ್ಬೆರಳಿನ ಉಗುರನ್ನು ಕತ್ತರಿಸಿಯೂ ಹಾಕಿದ್ದ.

ಅವನ ಸುತ್ತಿನಲ್ಲಿದ್ದ ಕಟ್ಟಡಗಳಲ್ಲಿ ಒಂದು ಮೂರು ಮಹಡಿಯದು, ಮುದಿಯಾದದ್ದು. ಮೇಲಿನ ಮಹಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳು ಟೈಲರು ಒಂಟಿಯಾಗಿದ್ದಳು. ಹೊಲಿಗೆ ಯಂತ್ರ ಕಿಟಕಿಯ ಪಕ್ಕ, ಬಿರುಕು ಆ ಕಿಟಕಿಯ ಮೂಲೆಯಿಂದ ಇಳಿದು ಯಂತ್ರದ ಹಿಂದೆ ಮರೆಯಾಗುತ್ತಿತ್ತು. ಬಿರುಕಣ್ಣ ಅವಳನ್ನು ಟೈಲರಕ್ಕ ಎನ್ನುತ್ತಿದ್ದ, ವಯಸ್ಸಿನಲ್ಲಿ ಅವಳೇ ಚಿಕ್ಕವಳಾದರೂ. ಹೋದಾಗಲೆಲ್ಲ ಅವಳು ನೀರು ಕೊಡುತ್ತಿದ್ದಳು, ಲೋಟ ಹಿಡಿದ ಕೈ ಒದ್ದೆಯಾಗುತ್ತಿತ್ತು, ಕ್ಯಾಮೆರಾ ಮುನಿಸಿಕೊಳ್ಳುತ್ತಿತ್ತು.

"ಒದ್ದೆ ಕೈ ಕಂಡ್ರೆ ಆಗಲ್ಲ, ಬಿಸಿಲು ಕಂಡ್ರೆ ಆಗಲ್ಲ, ಧೂಳು ಕಂಡ್ರೆ ಆಗಲ್ಲ. ಇದು ಕ್ಯಾಮೆರಾನೋ ಹೊಸ ಮದುಮಗಳೋ?" ಎನ್ನುತ್ತಿದ್ದಳು ಟೈಲರಕ್ಕ.

"ಸ್ವಲ್ಪ ಆಚೆ ಸರೀರಿ ಅಕ್ಕ. ಗಾಜು ಬಿಟ್ಟು ನಿಮ್ಮ ಮುಖಾನೇ ಹಿಡೀತಿದೆ."

"ಹಿಡೀಲಿ ಬಿಡಿ. ನಿಮ್ಮಿಬ್ಬರಲ್ಲಿ ಕಣ್ಣಿರೋದು ಅದಕ್ಕೊಂದಕ್ಕೇ."

ಈ ಮಾತು ಅವಳು ಆಡದ ಸಲವೇ ಇರಲಿಲ್ಲ. ಅವನು ನಗದ ಸಲವೂ ಇರಲಿಲ್ಲ.

ಕೊನೆಯ ಸಲ ಹೋದದ್ದೂ ಅಂಥದೇ ಒಂದು ಮಧ್ಯಾಹ್ನ. ಪಡುವಣದ ಕಿಟಕಿ, ನಾಲ್ಕರ ಬಿಸಿಲು ನೇರ ಕಣ್ಣಿಗೆ. ಏನು ಮೂಡಿತು, ಏನು ಬಿಟ್ಟಿತು ಒಂದೂ ಕಾಣಲಿಲ್ಲ. ಬೆರಳನ್ನು ಅಂಗಿಗೆ ಒರೆಸಿಕೊಂಡು ಅಂದಾಜಿನ ಮೇಲೆ ನಾಲ್ಕು ಸಲ ಮುಟ್ಟಿ, ಸದ್ದು ಬಂತೆಂದು ಜೇಬಿಗೆ ಹಾಕಿಕೊಂಡು ಇಳಿದುಬಂದ. ಕಚೇರಿಯಲ್ಲಿ ಕೂರುವ ಮೊದಲೇ ಸಾಹೇಬರು ಕರೆದರು. ಅವರ ಕೋಣೆಯಿಂದ ತಿರುಗಿ ಬಂದಾಗ ಕ್ಯಾಮೆರಾದ ಕಾರ್ಡು ಎಂದಿನಂತೆ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು. ತೆರೆದು ನೋಡಿದರೆ ಹಿಂದಿನ ದಿನದ ಫೋಟೋಗಳಿವೆ, ಅವತ್ತಿನದು ಒಂದೂ ಇಲ್ಲ. ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ ಅಲ್ಲೂ ಹುಡುಕಿದ. ಅಲ್ಲೂ ಇಲ್ಲ. ಒದ್ದೆ ಬೆರಳು ಅಳಿಸುವ ಗುರುತಿಗೆ ತಾಗಿರಬೇಕು ಎಂದು ತನ್ನನ್ನೇ ಬೈದುಕೊಂಡ.

ಮತ್ತೆ ಹೋಗಿ ಬರಬಹುದಿತ್ತು, ದಾರಿ ಅರ್ಧ ಗಂಟೆಯದ್ದು. ಆದರೆ ಸಾಹೇಬರಿಗೆ ವರದಿ ಅವತ್ತೇ ಬೇಕಿತ್ತು, ಅವನ ಮೊಣಕಾಲಿಗೆ ಮೂರು ಮಹಡಿ ಬೇಡವಾಗಿತ್ತು. ಗಾಜು ಹಿಂದಿನಂತೆಯೇ ಸರಿಯಿದೆ ಎಂದು ನೆನಪಿನಿಂದ ಬರೆದು ಸಹಿ ಹಾಕಿದ. ಫೋಟೋ ಮುಂದಿನ ಸುತ್ತಿನಲ್ಲಿ ತೆಗೆದರಾಯಿತು ಎಂದುಕೊಂಡ.

ಹನ್ನೊಂದನೆಯ ದಿನ ಬೆಳಿಗ್ಗೆ ಕಟ್ಟಡದ ಹಿಂಭಾಗ ಕುಸಿಯಿತು. ಉಳಿದವರೆಲ್ಲ ಮುಂದಿನ ಮೆಟ್ಟಿಲಿಂದ ಓಡಿ ಪಾರಾದರು. ಟೈಲರಕ್ಕ ಯಂತ್ರದ ಮುಂದೆ ಕೂತಿದ್ದವಳು ಕೂತಂತೆಯೇ ಹೋದಳು.

ವಿಚಾರಣೆ ನಡೆಯಿತು. "ಕ್ಯಾಮೆರಾ ಯಾರಿಗೆ ಬೇಕ್ರೀ, ಕಾರ್ಡ್ ಕೊಡಿ," ಎಂದರು. ಕೊಟ್ಟ. ಕಾರ್ಡಿನಲ್ಲಿ ಆ ತಾರೀಕಿನದು ಏನೂ ಇಲ್ಲ, ನೋಡಿ ಹಿಂದಕ್ಕೆ ಕೊಟ್ಟರು, ಅದು ಮತ್ತೆ ಕ್ಯಾಮೆರಾ ಸೇರಿತು. ಮೆಟ್ಟಿಲು ಹತ್ತದೆ ಕುರ್ಚಿಯಲ್ಲಿ ಕೂತೇ ವರದಿ ಬರೆದಿದ್ದಾನೆ ಎಂದು ತೀರ್ಮಾನವಾಯಿತು. ಹೋಗಿದ್ದೆ ಸ್ವಾಮಿ, ನೀರು ಕುಡಿದೆ, ಮಾತಾಡಿದೆ ಎಂದು ಅವನು ಅಂಗಲಾಚಿದ. ಮಾತಾಡಿದವಳು ಬಂದು ಸಾಕ್ಷಿ ಹೇಳುವಂತಿರಲಿಲ್ಲ. ಕೆಲಸ ತೆಗೆಯಲಿಲ್ಲ, ಹಳೆಯ ನಕ್ಷೆಗಳ ಕೋಣೆಗೆ ನೂಕಿದರು. ಇನ್ನು ಮೂರು ವರ್ಷಕ್ಕೆ ನಿವೃತ್ತಿ, ಅಲ್ಲೇ ಧೂಳು ತಿನ್ನಲಿ ಎಂದು.

ವಿಚಾರಣೆಯ ಕೋಣೆಯ ಹೊರಗೆ ಟೈಲರಕ್ಕನ ತಂಗಿ ಒಬ್ಬಳೇ ನಿಂತಿದ್ದಳು. ಅವನನ್ನು ತಡೆದು ಒಂದೇ ಮಾತು ಕೇಳಿದಳು. "ನೀವು ಆವತ್ತು ನಿಜವಾಗ್ಲೂ ಬಂದಿದ್ರಾ?"

"ಬಂದಿದ್ದೆನಮ್ಮ," ಎಂದ ಬಿರುಕಣ್ಣ.

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಂತೆ ಕಾಣಲಿಲ್ಲ.

ಆ ಪ್ರಶ್ನೆ ಅವನ ಮನೆಗೆ ಬಂದು ಸೇರಿಕೊಂಡಿತು. ಮೊದಮೊದಲು ಅವನಿಗೆ ಬರೀ ಸಿಟ್ಟಿತ್ತು. ಆಮೇಲೆ ಆಗಬಾರದ್ದು ಆಯಿತು, ಅವನಿಗೇ ಅನುಮಾನ ಶುರುವಾಯಿತು. ಆ ಮೆಟ್ಟಿಲನ್ನು ಅವನು ಮೂವತ್ತು ಸಲವಾದರೂ ಹತ್ತಿದ್ದ. ಎಲ್ಲ ಸಲವೂ ಅದೇ ನೀರು, ಅದೇ ಬಿಸಿಲು, ಅದೇ ಮದುಮಗಳ ಹಾಸ್ಯ. ಕೊನೆಯ ಸಲದ್ದು ಎಂದು ಅವನು ಇಟ್ಟುಕೊಂಡಿದ್ದ ನೆನಪು ಅದರ ಹಿಂದಿನ ಸಲದ್ದಾಗಿದ್ದರೆ? ನಿಜವಾಗಿಯೂ ಹೋಗಿದ್ದೆನೇ? ಊರೆಲ್ಲ ಹೇಳಿದ್ದನ್ನು ಒಬ್ಬನೇ ಎಷ್ಟು ದಿನ ಅಲ್ಲ ಎನ್ನುತ್ತಾನೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂದು ಜನ ನಗುತ್ತಾರೆ. ಕದಿಯದವನೂ ವರ್ಷಗಟ್ಟಲೆ ಕೇಳಿಸಿಕೊಂಡರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ.

ಉಗುರನ್ನು ಮತ್ತೆ ಉದ್ದ ಬಿಟ್ಟ. ಮನೆಯ ಗೋಡೆಗಳಿಗೆಲ್ಲ ಗಾಜು ಅಂಟಿಸಿ ದಿನಾ ಬೆಳಿಗ್ಗೆ ಉಗುರು ಎಳೆಯುತ್ತಿದ್ದ. ಒಮ್ಮೆ ಸ್ನಾನದ ಮನೆಯ ಗೋಡೆಯ ತೇವದ ಕಲೆ ಬೆಳೆಯುತ್ತಿದೆಯೇ ಎಂದು ನೋಡಲು ಕ್ಯಾಮೆರಾ ಹೊರತೆಗೆದ. ಮುಚ್ಚಳ ಜಾರಿಸಿದ್ದೇ ತಡ, ಹಳದಿ ಚೌಕ ಪರದೆಯ ತುಂಬ ಅಲೆದಾಡಿ ಬಂದು ಆ ಕಲೆಯ ಮೇಲೆ ನಿಂತಿತು. ಅಲ್ಲಿ ಮುಖವಿದೆ ಎಂದು ಕ್ಯಾಮೆರಾ ಹೇಳುತ್ತಿತ್ತು. ಅವನು ಪಕ್ಕಕ್ಕೆ ಸರಿದ, ಚೌಕವೂ ಸರಿಯಿತು. ಎರಡು ಕಪ್ಪು ಚುಕ್ಕೆ, ಕೆಳಗೊಂದು ಗೆರೆ ಕಂಡರೆ ಈ ಯಂತ್ರ ಮುಖವೆಂದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರೂ ಬಾಗಿಲವರೆಗೆ ಹಿಂದೆ ಸರಿದ. ನಿಮ್ಮಿಬ್ಬರಲ್ಲಿ ಕಣ್ಣಿರೋದು ಅದಕ್ಕೊಂದಕ್ಕೇ ಎಂದ ದನಿ ಕಿವಿಯ ಪಕ್ಕದಲ್ಲೇ ಕೇಳಿಸಿತು. ಅವತ್ತೇ ಕ್ಯಾಮೆರಾವನ್ನು ಬೀರುವಿನ ತಳಕ್ಕೆ, ಹೆಂಡತಿಯ ಹಳೆಯ ಶಾಲಿನಡಿಗೆ ತುರುಕಿದ. ಆಮೇಲೆ ಬೀರು ತೆರೆಯುವಾಗಲೆಲ್ಲ ಶಾಲಿನ ಕಡೆ ನೋಡದೆ ಬಟ್ಟೆ ತೆಗೆಯುವುದು ಅವನಿಗೆ ಅಭ್ಯಾಸವಾಯಿತು.

ಹೀಗೆ ಏಳು ವರ್ಷ. ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದಿತ್ತು.

ಒಂದು ರಜೆಯ ದಿನ ಮಗಳಿಗೆ ಹಾಡು ತುಂಬಿಸಿಕೊಳ್ಳಲು ಒಂದು ಕಾರ್ಡು ಬೇಕಾಯಿತು. ಅಪ್ಪನ ಕ್ಯಾಮೆರಾದಲ್ಲಿ ಇದೆಯಲ್ಲ ಎಂದು ಬೀರು ಕೆದಕಿದಳು. ಅಳಿಸುವ ಮೊದಲು ಬೇಕಾದ್ದೇನಾದರೂ ಇದೆಯೇ ನೋಡೋಣ ಎಂದು ಬ್ಯಾಟರಿಗೆ ಕರೆಂಟು ಕುಡಿಸಿದಳು. ಕಾರ್ಡಿನಲ್ಲಿ ಬರೀ ಗೋಡೆಗಳು. ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟು, ಸುಮ್ಮನೆ ಕೈಗೆ ಕೆಲಸವೆಂಬಂತೆ ಮುಚ್ಚಳವನ್ನು ಇನ್ನೊಮ್ಮೆ ಜಾರಿಸಿದಳು.

"ಅಪ್ಪಾ, ಕಾರ್ಡ್ ತೆಗೆದ್ರೂ ಇದ್ರಲ್ಲಿ ಇನ್ನೂ ನಾಲ್ಕು ಫೋಟೋ ಇದೆ."

"ಇರೋಕೆ ಸಾಧ್ಯವಿಲ್ಲ," ಎಂದ ಬಿರುಕಣ್ಣ, ಪೇಪರಿನಿಂದ ತಲೆ ಎತ್ತದೆ.

"ಇದೆ ಅಂದ್ರೆ ಇದೆ. ಕ್ಯಾಮೆರಾದ ಒಳಗೇ ಒಂಚೂರು ಜಾಗ ಇರುತ್ತಲ್ಲ, ಕಾರ್ಡ್ ಇಲ್ದೆ ತೆಗೆದ್ರೆ ಅಲ್ಲಿ ಹೋಗಿ ಕೂರುತ್ತೆ. ಕಾರ್ಡ್ ಹಾಕಿದ್ರೆ ಅದನ್ನ ತೋರಿಸಲ್ಲ." ಅವಳು ಪರದೆಯನ್ನು ಹತ್ತಿರ ಹಿಡಿದಳು. ಆಮೇಲೆ ಅವಳ ದನಿ ಬದಲಾಯಿತು. "ಅಪ್ಪಾ... ತಾರೀಕು ನೋಡು."

ಆ ತಾರೀಕು ಅವನಿಗೆ ಮಗಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತಿತ್ತು. ಕಿಟಕಿಯ ಮೂಲೆ, ಬಿರುಕು, ಗಾಜಿನ ಪಟ್ಟಿ. ಚಿತ್ರದ ಇನ್ನೊಂದು ಅಂಚಿನಲ್ಲಿ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಟೈಲರಕ್ಕ, ಬಾಯಿ ತೆರೆದು ಏನೋ ಹೇಳುತ್ತಾ ನಗುತ್ತಿದ್ದಾಳೆ. ಏನು ಹೇಳುತ್ತಿದ್ದಾಳೆಂದು ಬಿರುಕಣ್ಣನಿಗೆ ಕೇಳಬೇಕಾಗಿರಲಿಲ್ಲ.

ಆಗ ಹೊಳೆಯಿತು. ಕಾರ್ಡನ್ನು ಅವನು ಕಂಪ್ಯೂಟರಿಗೆ ಸಿಕ್ಕಿಸಿದ್ದು ಆ ದಿನವಲ್ಲ, ಅದರ ಹಿಂದಿನ ಸಂಜೆ. ತೆಗೆಯಲು ಮರೆತು, ಖಾಲಿ ಕ್ಯಾಮೆರಾ ಜೇಬಿಗಿಳಿಸಿ ಹೋಗಿದ್ದ. ಕಾರ್ಡಿಲ್ಲ ಎಂದು ಪರದೆಯ ಮೂಲೆಯಲ್ಲಿ ಪುಟ್ಟ ಗುರುತು ಬಂದಿರಲೇಬೇಕು, ಬಿಸಿಲಿಗೆ ಕಾಣಲಿಲ್ಲ. ಸಾಹೇಬರ ಕೋಣೆಯಿಂದ ಬಂದು ಕಂಪ್ಯೂಟರಿನಲ್ಲಿ ಕಾರ್ಡು ಕಂಡಾಗ, ಈಗಷ್ಟೇ ತಾನೇ ಹಾಕಿದೆ ಎಂದುಕೊಂಡ. ದಿನಾ ಮಾಡುವ ಕೆಲಸಕ್ಕೆ ನಿನ್ನೆ ಯಾವುದು, ಇವತ್ತು ಯಾವುದು? ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬಂದವರಿಗೆಲ್ಲ ಇದು ಗೊತ್ತು.

"ನೀನು ಹೋಗಿದ್ದೆ ಅಪ್ಪಾ! ಹೋಗಿದ್ದೆ!" ಮಗಳು ಅವನ ತೋಳು ಹಿಡಿದು ಕುಲುಕುತ್ತಿದ್ದಳು. ಕಣ್ಣಲ್ಲಿ ನೀರು. ಏಳು ವರ್ಷ ಅಪ್ಪನ ಮುಖ ನೋಡಿದವಳು ಅವಳು. ಅವನೂ ಅತ್ತ. ಎದೆಯ ಮೇಲಿನ ಕಲ್ಲು ಇಳಿಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅವನಿಗೆ ಅವತ್ತು ತಿಳಿಯಿತು. ಉಸಿರು ಹೊಟ್ಟೆಯವರೆಗೆ ಹೋಯಿತು. ಮಗಳು ಕ್ಯಾಮೆರಾ ಹಿಡಿದು ಓಡಿ, ಟೈಲರಕ್ಕ ಇರುವ ಚಿತ್ರವನ್ನು ಪುಸ್ತಕದ ಹಾಳೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡೇ ಬಂದಳು. ಆ ಕಚೇರಿಯ ಒಬ್ಬೊಬ್ಬರ ಮುಖಕ್ಕೂ ಇದನ್ನು ಹಿಡಿಯುತ್ತೇನೆ ಎಂದಳು.

ಬಿರುಕಣ್ಣ ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೊದಲು ಟೈಲರಕ್ಕನನ್ನು ನೋಡಿದ. ಆಮೇಲೆ ಇಪ್ಪತ್ತೆಂಟು ವರ್ಷದ ಅಭ್ಯಾಸ ಅವನ ಕಣ್ಣನ್ನು ಗೋಡೆಗೆ ಎಳೆಯಿತು.

ಗಾಜು ಸೀಳಿತ್ತು.

ಮೇಲಿನ ಎಡ ಮೂಲೆಯಿಂದ ಹೊರಟ ಕೂದಲಿನಂಥ ಗೆರೆ ಅವನೇ ಬರೆದ ತಾರೀಕಿನ ಅಡಿಯಲ್ಲಿ ಹಾದು ಆಚೆ ಅಂಚಿಗೆ ಮುಟ್ಟಿತ್ತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅದು ಕಾಣುವಂಥದ್ದಲ್ಲ. ಉಗುರು ಎಳೆದಿದ್ದರೆ ಸಿಗುತ್ತಿತ್ತು. ಎಳೆದಿರಲಿಲ್ಲ. ಕ್ಯಾಮೆರಾ ನೋಡಿತ್ತು, ಅವನು ನೋಡಿರಲಿಲ್ಲ. ಹೋಗಿರಲಿಲ್ಲ ಎಂಬ ಸುಳ್ಳಿನ ಅಡಿಯಲ್ಲಿ ಅವನು ಏಳು ವರ್ಷ ಬೆಂದಿದ್ದ. ಆ ಸುಳ್ಳೇ ಇಷ್ಟು ದಿನ ತನ್ನನ್ನು ಇದರಿಂದ ಕಾಪಾಡಿತ್ತು ಎಂದು ಈಗ ಗೊತ್ತಾಯಿತು.

ಮಗಳಿಗೆ ತೋರಿಸಿದ. ಅವಳು ಅಚ್ಚನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು. ಮೆಲ್ಲಗೆ, "ಗಾಜು ಇರೋ ಭಾಗ ತೋರಿಸ್ಬೇಡ ಅಪ್ಪಾ. ಹೋಗಿದ್ದೆ ಅನ್ನೋದೊಂದು ಸಾಕು. ಇನ್ನು ಯಾರು ಕೇಳ್ತಾರೆ?" ಎಂದಳು.

"ಒಬ್ಬಳು ಕೇಳಿದ್ಲಲ್ಲ," ಎಂದ ಬಿರುಕಣ್ಣ.

ಟೈಲರಕ್ಕನ ತಂಗಿಗೆ ಗುಂಡಿ, ದಾರ, ಲೇಸು ಮಾರುವ ಅಂಗಡಿ. ಮಾರನೆಯ ದಿನ ಹೋದಾಗ ಅವಳು ಡಬ್ಬಿಯಲ್ಲಿ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. "ಏನು ಬೇಕಿತ್ತು?" ಎಂದು ತಲೆ ಎತ್ತಿದವಳು ಅವನನ್ನು ಗುರುತಿಸಿ ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿದಳು. ಅವನು ಅಚ್ಚನ್ನು ಗುಂಡಿಗಳ ಪಕ್ಕದಲ್ಲಿಟ್ಟ.

ಅವಳು ಅಕ್ಕನ ಮುಖವನ್ನು ಬೆರಳ ತುದಿಯಲ್ಲಿ ಮುಟ್ಟಿದಳು. ಮೂಲೆಯ ತಾರೀಕನ್ನು ಓದಿದಳು, ಇನ್ನೊಮ್ಮೆ ಓದಿದಳು. "ಹಾಗಾದ್ರೆ ನೀವು ಬಂದಿದ್ರಿ."

"ಬಂದಿದ್ದೆ. ಆದ್ರೆ ಇದನ್ನೂ ನೀವು ನೋಡ್ಬೇಕು." ಅವನು ಗಾಜಿನ ಮೇಲೆ ಉಗುರಿಟ್ಟ. "ಈ ಗೆರೆ ಇದೆಯಲ್ಲ, ಗಾಜು ಆಗ್ಲೇ ಸೀಳಿತ್ತು. ಅವತ್ತೇ ಮನೆ ಖಾಲಿ ಮಾಡಿಸ್ಬೇಕಿತ್ತು. ನಾನು ಮುಟ್ಟಿ ನೋಡ್ಲಿಲ್ಲ, ಫೋಟೋ ತೆಗೆದೆನಲ್ಲ ಅಂತ ಬಂದ್ಬಿಟ್ಟೆ. ಸರಿಯಿದೆ ಅಂತ ಬರೆದೆ."

ತಂಗಿ ಗೆರೆಯನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆ ವಾರ ನಾನು ಅಕ್ಕನ್ನ ಕರೆದಿದ್ದೆ," ಎಂದಳು ಅವಳು, ಗುಂಡಿಗಳನ್ನು ನೋಡುತ್ತಾ. "ಗೋಡೆ ಸದ್ದು ಮಾಡುತ್ತೆ ಅಂತಿದ್ದೀಯಲ್ಲ, ನಮ್ಮನೇಲಿ ಬಂದಿರು ಅಂದೆ. ಬಿರುಕಣ್ಣ ನಿನ್ನೆ ತಾನೆ ಬಂದು ಫೋಟೋ ತಗೊಂಡು ಹೋದ್ರು ಕಣೇ, ಏನಾದ್ರೂ ಇದ್ದಿದ್ರೆ ಅವರು ಹೇಳ್ದೆ ಇರ್ತಿದ್ರಾ ಅಂದ್ಲು. ಆಮೇಲೆ ನಿಮ್ಮ ಕಚೇರಿಯವರು ನೀವು ಬಂದೇ ಇರ್ಲಿಲ್ಲ ಅಂದ್ರು. ನನ್ನ ಬಾಯಿ ಮುಚ್ಚಿಸೋಕೆ ಅಕ್ಕ ಸುಳ್ಳು ಹೇಳಿದ್ಲು ಅಂದ್ಕೊಂಡೆ. ಯಂತ್ರ ಬಿಟ್ಟು ಬರೋಕೆ ಮನಸ್ಸಿಲ್ದೆ ಸುಳ್ಳು ಹೇಳಿ ಸತ್ತಳು ಅಂತ ಏಳು ವರ್ಷ ಅವಳ ಮೇಲೆ ಸಿಟ್ಟಿಟ್ಕೊಂಡಿದ್ದೀನಿ. ಒಂದು ದಿನಾನೂ ಸರಿಯಾಗಿ ಅತ್ತಿಲ್ಲ."

ಬಿರುಕಣ್ಣ ಗಾಜಿನ ಮೇಲಿಟ್ಟಿದ್ದ ಉಗುರನ್ನು ಹಿಂದಕ್ಕೆ ತೆಗೆದುಕೊಂಡ.

"ಅವಳು ಸುಳ್ಳು ಹೇಳಿರ್ಲಿಲ್ಲ," ಎಂದಳು ತಂಗಿ, ತನಗೆ ತಾನೇ ಹೇಳಿಕೊಳ್ಳುವಂತೆ. "ನಿಮ್ಮನ್ನ ನಂಬಿದ್ಲು."

ಗಲ್ಲಾದ ಪಕ್ಕ ಲೇಸು ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅವಳು ಅದನ್ನು ತೆಗೆದುಕೊಂಡು, ಬಟ್ಟೆಯ ಮಡಿಕೆ ಹಿಡಿದಂತೆ ಅಚ್ಚನ್ನು ನೇರ ಹಿಡಿದು, ಅಕ್ಕನಿಗೂ ಗಾಜಿಗೂ ನಡುವಿನ ಖಾಲಿ ಗೋಡೆಯ ಮೇಲಿಂದ ಕೆಳಗೆ ಕತ್ತರಿಸಿದಳು. ಅಕ್ಕನಿದ್ದ ಭಾಗವನ್ನು ಸೆರಗಿನಲ್ಲಿ ಒರೆಸಿ ತನ್ನ ಕಡೆ ಇಟ್ಟುಕೊಂಡಳು.

"ನನಗೆ ಇದು ಸಾಕು," ಎಂದು ಇನ್ನೊಂದು ಭಾಗವನ್ನು ಗುಂಡಿಗಳ ಮೇಲಿಂದ ಅವನ ಕಡೆ ಸರಿಸಿದಳು. "ಗಾಜು ನೀವೇ ಇಟ್ಕೊಳ್ಳಿ."

ಅವನು ಅದನ್ನು ತೆಗೆದುಕೊಂಡು, ಎರಡು ಮಡಿಕೆ ಮಾಡಿ, ಕ್ಯಾಮೆರಾ ಇಡುತ್ತಿದ್ದ ಜೇಬಿನಲ್ಲಿ ಇಟ್ಟುಕೊಂಡ. ಅಂಗಡಿಯ ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವಳು ಅಳುವುದು ಕೇಳಿಸಿತು, ಅಕ್ಕ ಹೋದ ದಿನ ಅಳಬೇಕಾಗಿದ್ದ ಹಾಗೆ.